ಸಮಸ್ಯೆ: ಕೇಳಿದವನಿಗೆ ಕೇಡು ಬಂದಿತು ಕೇಳದವ ಗೆದ್ದ

ಮಡಿಕೇರಿಯಿಂದ:
ಕಕ್ಕಡದ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ತೋಟಕ್ಕೆ ಇಳಿಯುವ ಹಾಗಿಲ್ಲ. ಸಂಜೆ ಆದರೆ ನಾಲ್ಕು ಜನ ಸೇರಿ ಬ್ರಿಡ್ಜ್ ಅನ್ನುವ ಕಾರ್ಡಾಟ ಆಡುತ್ತೇವೆ. ಈ ಸಲದ ಸಮಸ್ಯೆ ಆ ಮೇಜಿನಲ್ಲೇ ಹುಟ್ಟಿತು. ಭಾಮಿನಿ ಷಟ್ಪದಿಯ ಕೊನೆಯ ಸಾಲು ಕೊಟ್ಟಿದ್ದೇನೆ. ಮೇಲಿನ ಐದು ಸಾಲು ನಿಮ್ಮದು. ಪ್ರಾಸ ‘ಳ’. ವಿಷಯ ಕ್ಲಾವರ್, ಡೈಮನ್ ಬಣ್ಣಗಳಲ್ಲಿ ಸ್ಲ್ಯಾಮ್ ಬಿಡ್ ಮಾಡುವುದು, ಅಂದರೆ 13 ಸುತ್ತಿನಲ್ಲಿ 12 ಆದರೂ ಗೆಲ್ಲುತ್ತೇವೆ ಅಂತ ಆಟಕ್ಕೆ ಮೊದಲೇ ಕೂಗುವುದು.

ವಿರಾಜಪೇಟೆಯಿಂದ:
ಗಾಳಿ ಮಳೆಯೊಳಗಾಟ ಕೂಡಿತು
ಏಳು ಕಾರ್ಡುಗಳೊಂದೆ ಬಣ್ಣದ
ವೇಳೆ ನೋಡದೆ ನಾಲ್ಕು ನೋಟ್ರಂಪೆಂದು ಕೇಳಿದನು
ಹೇಳಿದನು ಜೊತೆಗಾರನೊಂದನು
ಮೇಳ ತಪ್ಪಿತು ಐದು ದಾಟಿತು
ಕೇಳಿದವನಿಗೆ ಕೇಡು ಬಂದಿತು ಕೇಳದವ ಗೆದ್ದ

ಸೋಮವಾರಪೇಟೆಯಿಂದ:
ಅಕ್ಕಾ, ಮಾತ್ರೆ ಸರಿಯಾಗಿ ಕೂತಿದೆ. ಆದರೆ ನನಗೆ ಬ್ರಿಡ್ಜ್ ಬರುವುದಿಲ್ಲ. ಎಕ್ಕ ಎಷ್ಟಿದೆ ಅಂತ ಕೇಳಿದರೆ ಕೇಡು ಹೇಗೆ ಬರುತ್ತದೆ?

ಮಡಿಕೇರಿಯಿಂದ:
ಹೇಳುತ್ತೇನೆ ಮೇಷ್ಟ್ರೇ, ಸಮಸ್ಯೆಯ ಜೀವ ಇರುವುದೇ ಅಲ್ಲಿ. 1933ರಲ್ಲಿ ಈಸ್ಲಿ ಬ್ಲ್ಯಾಕ್‌ವುಡ್ ಕಂಡುಹಿಡಿದ ಪದ್ಧತಿ ಇದು. ನೋಟ್ರಂಪ್ ಅಂದರೆ ತುರುಪಿಲ್ಲದ ಆಟ, ಆದರೆ ಇಲ್ಲಿ ನಾಲ್ಕು ನೋಟ್ರಂಪ್ ಅಂದರೆ ‘ನಿನ್ನ ಕೈಯಲ್ಲಿ ಎಕ್ಕ ಎಷ್ಟು?’ ಎಂಬ ಪ್ರಶ್ನೆ. ಐದು ಕ್ಲಾವರ್ ಅಂದರೆ ಒಂದೂ ಇಲ್ಲ, ಇಲ್ಲವೇ ನಾಲ್ಕೂ ಇವೆ. ಐದು ಡೈಮನ್ ಅಂದರೆ ಒಂದು. ಈಗ ನಿಮ್ಮ ತುರುಪು ಕ್ಲಾವರ್ ಅಂತ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಒಂದು ಎಕ್ಕ, ಜೊತೆಗಾರನ ಹತ್ತಿರ ಒಂದು. ಉಳಿದ ಎರಡು ಎದುರಾಳಿಗಳ ಕೈಲಿ. ಐದಕ್ಕೆ ನಿಲ್ಲಬೇಕು, ಅಂದರೆ 11 ಟ್ರಿಕ್ (ಗೆದ್ದ ಸುತ್ತು). ಆದರೆ ಅವನ ಉತ್ತರ ಐದು ಡೈಮನ್, ಕ್ಲಾವರಿಗಿಂತ ಮೇಲಿನ ಬಣ್ಣ. ಅದೇ ಐದು ಕ್ಲಾವರನ್ನು ದಾಟಿಬಿಟ್ಟಿದೆ! ಬಿಡ್ ಮೇಲೇರಬಹುದಷ್ಟೇ, ವಾಪಸು ಬರಲು ದಾರಿ ಇಲ್ಲ. ಆರಕ್ಕೆ ಹೋಗಬೇಕು, ಅಂದರೆ 13ರಲ್ಲಿ 12 ಟ್ರಿಕ್. ಅದು ಸಿಗುವುದಿಲ್ಲ. ಹೋದ ವಾರ ನನಗೆ ಹೀಗೇ ಆಯಿತು. ರಾತ್ರಿ ನಿದ್ದೆ ಬರಲಿಲ್ಲ. ಇಸ್ಪೀಟು, ಆಟೀನು ತುರುಪಾದರೆ ಈ ಕಷ್ಟ ಕಡಿಮೆ, ಅವು ಮೇಲಿನ ಬಣ್ಣಗಳಲ್ವಾ.

ಅಕ್ಕನ ಪದ್ಯದಲ್ಲಿ ಒಂದೇ ಕೊರತೆ. ಕೆಟ್ಟವನು ಬಂದ, ಗೆದ್ದವನು ಬರಲಿಲ್ಲ.

ಗೋಣಿಕೊಪ್ಪದಿಂದ:
ಗೆದ್ದವನನ್ನು ನಾನು ತಂದಿದ್ದೇನೆ.

ಆಳ ನೋಡದೆ ಹಾರಿದವನಿವ
ತಾಳಿ ತನ್ನೆಕ್ಕಗಳ ತಾನೇ
ಹೇಳಿದವನವ, ನಾಲ್ಕರೊಳಗೇ ಮಾತು ಮುಗಿಸಿದನು
ಕಾಳು ಜಳ್ಳಿನ ಲೆಕ್ಕ ನೋಡಿರಿ
ಕೋಳ ತೊಟ್ಟನು ಮೊದಲಿನವನೇ
ಕೇಳಿದವನಿಗೆ ಕೇಡು ಬಂದಿತು ಕೇಳದವ ಗೆದ್ದ

ಮಡಿಕೇರಿಯಿಂದ:
ವಾಹ್ ಅಣ್ಣ! ಕ್ಯೂ ಬಿಡ್ ತಂದಿದ್ದೀರಿ. ಕೇಳುವ ಬದಲು ‘ಈ ಬಣ್ಣದ ಎಕ್ಕ ನನ್ನ ಹತ್ತಿರ ಇದೆ’ ಅಂತ ನಾಲ್ಕನೇ ಮಟ್ಟದಲ್ಲೇ ತೋರಿಸುವುದು. ಅವನು ಐದಕ್ಕೆ ನಿಂತು 400 ಅಂಕ ಪಡೆದ. ಇವನು ಆರಕ್ಕೆ ಹೋಗಿ 50 ಕಳೆದುಕೊಂಡ. ‘ಕೋಳ’ ಪ್ರಾಸಕ್ಕೆ ಸುಮ್ನೆ ಬಂದ ಪದ ಅಲ್ಲ. ತಾನೇ ಕೈಗೆ ಹಾಕಿಕೊಂಡ ಬೇಡಿ ಅದು.

ಕೇಳಲೇಬೇಕು ಅನ್ನುವವರಿಗೂ ದಾರಿ ಇದೆ. ತುರುಪಿನ ಮೇಲಿನ ಬಣ್ಣದಲ್ಲಿ ನಾಲ್ಕು ಅನ್ನಿ. ಕ್ಲಾವರಿಗೆ ನಾಲ್ಕು ಡೈಮನ್, ಡೈಮನ್‌ಗೆ ನಾಲ್ಕು ಆಟೀನು. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಉತ್ತರ ನಾಲ್ಕು ಮೆಟ್ಟಿಲು ಏರಿದರೂ ಐದರ ತುರುಪಿನೊಳಗೇ ಮುಗಿಯುತ್ತದೆ. ಆದರೆ ಜೊತೆಗಾರ ಅದನ್ನು ನಿಜವಾದ ಡೈಮನ್ ಅಂದುಕೊಂಡರೆ ಕಥೆ ಮುಗಿಯಿತು. ಮೊದಲೇ ಮಾತಾಡಿಕೊಂಡಿರಬೇಕು.

ಕುಶಾಲನಗರದಿಂದ:
ಹಾಗಾದರೆ ಆ ನಾಲ್ಕು ಡೈಮನ್ನಿಗೇ ನನ್ನದೊಂದು. ಇಲ್ಲಿ ಕೇಳಿದವನು ಎದುರಾಳಿ.

ತಾಳಲಾರದೆ ಪಕ್ಕದಾತನು
‘ಹೇಳಿ ನಾಲ್ಕರ ಡೈಮನೇನಿದು’
ಕೇಳುತಲೆ ಮನೆ ತೋರಿಕೊಟ್ಟನು ತನ್ನ ರಾಜನದು
ಜಾಳುಜಾಳಾಯ್ತಾತನಾಟವು
ಹೋಳು ಮಾಡಿದನಾಟಗಾರನು
ಕೇಳಿದವನಿಗೆ ಕೇಡು ಬಂದಿತು ಕೇಳದವ ಗೆದ್ದ

ಮಡಿಕೇರಿಯಿಂದ:
ನನಗೆ ಇದು ಎಲ್ಲಕ್ಕಿಂತ ಇಷ್ಟ. ಬಿಡ್‌ನ ಅರ್ಥ ಕೇಳುವುದು ನಿಯಮದಲ್ಲಿ ತಪ್ಪಲ್ಲ. ಆದರೆ ಡೈಮನ್ ರಾಜ ಇರುವವನೇ ಆತುರದಿಂದ ಕೇಳಿದರೆ, ಆಟಗಾರ ಗಮನಿಸದೆ ಇರುತ್ತಾನಾ? ‘ಪಕ್ಕದಾತ’ ಎಂಬ ಪದವೂ ಸರಿ. ಬ್ರಿಡ್ಜಿನಲ್ಲಿ ಎದುರು ಕೂತವನು ಜೊತೆಗಾರ, ಪಕ್ಕದವನೇ ಎದುರಾಳಿ.

ಸೋಮವಾರಪೇಟೆಯಿಂದ:
ನಾನು ಪದ್ಯ ಓದಿಕೊಂಡೇ ಆಟ ಕಲಿತೆ. ಅಕ್ಕಾ, ನಿಮ್ಮ ಐದನೇ ಸಾಲು ತಿದ್ದುತ್ತೀರಾ?

ವಿರಾಜಪೇಟೆಯಿಂದ:
ತಿದ್ದಿದೆ ಮೇಷ್ಟ್ರೇ. ಈಗ ಗೆದ್ದವನೂ ಬಂದ:

ಹೇಳಿದನು ಜೊತೆಗಾರನೊಂದನು
ಬಾಳಿದನು ಐದಕ್ಕೆ ನಿಂತವ
ಕೇಳಿದವನಿಗೆ ಕೇಡು ಬಂದಿತು ಕೇಳದವ ಗೆದ್ದ