ಸತೋಪಂಥ್ ತಾಲ್ + ವಸುಧಾರಾ ಜಲಪಾತ: ಸೆಪ್ಟೆಂಬರ್ ಕೊನೆಗೆ ಆರು ಜನ, ಈ ಪ್ಲಾನ್ ನಡೆಯುತ್ತಾ?

ಚಾರ್ಮಾಡಿ_ಗಾಳಿ:
ಬೆಂಗಳೂರಿಂದ ಐದು ಜನ, ಅಮೆರಿಕದಿಂದ ಬರುವವರು ಒಬ್ಬರು. ಕುಮಾರಪರ್ವತ, ಕುದುರೆಮುಖ ಎಲ್ಲರಿಗೂ ಆಗಿದೆ, ಹಿಮಾಲಯ ಹೊಸದು. ಹೋಗಬೇಕಿರೋದು ಉತ್ತರಾಖಂಡದಲ್ಲಿ ಬದರಿನಾಥದ ಮೇಲಿರೋ ಸತೋಪಂಥ್ ತಾಲ್ ಅನ್ನೋ ಸರೋವರಕ್ಕೆ, ನಡಿಗೆ ಶುರು ಮಾಣಾ ಹಳ್ಳಿಯಿಂದ, ನಡುವೆ ಲಕ್ಷ್ಮೀವನ, ಚಕ್ರತೀರ್ಥದಲ್ಲಿ ಟೆಂಟ್. ಈಗಿನ ಪ್ಲಾನ್ ಹೀಗಿದೆ: ಮೊದಲ ದಿನ ಹೃಷಿಕೇಶದಿಂದ ನೇರ ಬದರಿನಾಥ. ಎರಡನೇ ದಿನ ಲಕ್ಷ್ಮೀವನ, ಮೂರಕ್ಕೆ ಚಕ್ರತೀರ್ಥ, ನಾಲ್ಕಕ್ಕೆ ಸರೋವರ ನೋಡಿ ಲಕ್ಷ್ಮೀವನಕ್ಕೆ ವಾಪಸ್. ಐದನೇ ದಿನ ಇಳಿಯುವ ದಾರಿಯಲ್ಲಿ ವಸುಧಾರಾ ನೋಡಿಕೊಂಡು ಮಾಣಾ.

ಗೊತ್ತಾಗಬೇಕಿರೋದು: ವಸುಧಾರಾ ದಾರಿಯಲ್ಲೇ ಸಿಗುತ್ತಾ? ಮೆಡಿಕಲ್ ಶಾಪಿನ ಆಕ್ಸಿಜನ್ ಕ್ಯಾನ್ ಎಷ್ಟು ಒಯ್ಯಬೇಕು? ಅಡುಗೆ ನಾವೇ ಮಾಡ್ಕೊಳ್ಳೋಣ ಅಂತಿದೀವಿ, ಅನ್ನ-ಸಾರು ಸಾಕು. ಅಮೆರಿಕದವರ ಹತ್ತಿರ ಗಾರ್ಮಿನ್ ಸ್ಯಾಟಲೈಟ್ ಸಾಧನ ಇದೆ, ತರಬಹುದಾ?

ಕಲ್ಲುದಾರಿ:
ಸರ್, ಕೊನೆಯ ಪ್ರಶ್ನೆ ಮೊದಲು. ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್, ಮೆಸೆಂಜರ್ ಇಟ್ಟುಕೊಳ್ಳೋದು ಭಾರತದಲ್ಲಿ ಅಪರಾಧ. ಮಾಣಾ ಅಂದ್ರೆ ಗಡಿ ಪ್ರದೇಶ ಬೇರೆ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳ್ತಾರೆ. ಅದನ್ನು ಅಮೆರಿಕದಲ್ಲೇ ಬಿಟ್ಟು ಬರೋಕೆ ಹೇಳಿ.

ಈಗ ಪ್ಲಾನ್. ತಪ್ಪಿರೋದು ವಸುಧಾರೆಯನ್ನು ಕೊನೆಗಿಟ್ಟಿರೋದು. ಮಾಣಾದಲ್ಲಿ ನದಿಯ ಮೇಲ್ಭಾಗಕ್ಕೆ ಮುಖ ಮಾಡಿ ನಿಂತರೆ ವಸುಧಾರಾ ಅಲಕನಂದೆಯ ಬಲಗಡೆ, ಲಕ್ಷ್ಮೀವನ ಎಡಗಡೆ. ಜಲಪಾತಕ್ಕೆ ಭೀಮ್ ಪುಲ್ (ಸರಸ್ವತಿ ನದಿಯ ಮೇಲಿನ ಬಂಡೆಯ ಸೇತುವೆ) ದಾಟಿ ಹೋಗಬೇಕು, ಸತೋಪಂಥ್‌ಗೆ ಮಾತಾಮೂರ್ತಿ ಗುಡಿಯ ಕಡೆಯಿಂದ. ಲಕ್ಷ್ಮೀವನದ ದಾರಿಯಿಂದ ವಸುಧಾರಾ ಎದುರಿಗೇ ಕಾಣುತ್ತೆ, ಆದರೆ ನಡುವೆ ನದಿ. ಕೆಲವು ನಕ್ಷೆಗಳಲ್ಲಿ ಎರಡನ್ನೂ ಸೇರಿಸಿ ಗೆರೆ ಎಳೆದಿರ್ತಾರೆ. ಅದು ಬೇಸಿಗೆಯ ಆರಂಭದಲ್ಲಿ ಹಿಮದ ಮೇಲೆ ದಾಟೋ ದಾರಿ, ಸೆಪ್ಟೆಂಬರಿನಲ್ಲಿ ಅದನ್ನು ನಂಬಬೇಡಿ.

ವಸುಧಾರಾ ಮೊದಲು ಬರಬೇಕಾದ ಕಾರಣ ಎತ್ತರ. ಕುಮಾರಪರ್ವತ 1,712 ಮೀ., ಬದರಿನಾಥ 3,100 ಮೀ. ಮಲಗುವ ಜಾಗವೇ ನಿಮ್ಮ ಶಿಖರಕ್ಕಿಂತ ಸುಮಾರು 1,400 ಮೀ. ಮೇಲಿದೆ. 3,000 ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಜಲಪಾತದ ಬುಡ ಸುಮಾರು 3,600 ಮೀ., ಮಾಣಾದಿಂದ 5-6 ಕಿ.ಮೀ. ಅಷ್ಟು ಹತ್ತಿ, ಒಂದು ಗಂಟೆ ಕೂತು, ಇಳಿದು ಬದರಿನಾಥದಲ್ಲೇ ಎರಡನೇ ರಾತ್ರಿ ಮಲಗಿದರೆ, ಮರುದಿನ ಲಕ್ಷ್ಮೀವನಕ್ಕೆ ಆ ಮಿತಿಗಿಂತ ಸ್ವಲ್ಪ ಹೆಚ್ಚು, ಸುಮಾರು 600 ಮೀ., ಏರೋಕೆ ದೇಹ ತಯಾರು. ವಸುಧಾರಾ ನಿಮಗೆ ನೋಟ ಅಲ್ಲ, ಔಷಧ.

ನಾನಾದರೆ ಹೀಗೆ ಹಾಕ್ತೀನಿ:
1: ಹೃಷಿಕೇಶ–ಜೋಶಿಮಠ, 250 ಕಿ.ಮೀ., ಬೆಳಗ್ಗೆ 5ಕ್ಕೆ ಬಿಡಿ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ವಾಹನ ಬಿಡೋಲ್ಲ.
2: ಅರಣ್ಯ ಇಲಾಖೆ, ಎಸ್‌ಡಿಎಂ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಅನುಮತಿ (ಗುರುತಿನ ಚೀಟಿ, ವೈದ್ಯಕೀಯ ಪ್ರಮಾಣಪತ್ರ, ನೋಂದಾಯಿತ ಗೈಡ್ ವಿವರ). ಮಧ್ಯಾಹ್ನ ಬದರಿನಾಥ. ಭಾನುವಾರ ಬೀಳದ ಹಾಗೆ ನೋಡ್ಕೊಳ್ಳಿ. ಬದರಿಗೆ ಯಾತ್ರಾ ನೋಂದಣಿ ಬೇರೆ ಬೇಕು.
3: ವಸುಧಾರಾ, ವಾಪಸ್.
4: ಲಕ್ಷ್ಮೀವನ, ಸುಮಾರು 3,700 ಮೀ. ಭೂರ್ಜವೃಕ್ಷ ಕಾಣೋದು ಇಲ್ಲೇ.
5: ಸಹಸ್ರಧಾರಾ ಜಲಪಾತಗಳ ಬುಡದಿಂದ ಚಕ್ರತೀರ್ಥ, ಸುಮಾರು 4,200 ಮೀ.
6: ಸರೋವರ, ವಾಪಸ್ ಚಕ್ರತೀರ್ಥ.
7: ಮಾಣಾ.
8: ಖಾಲಿ ದಿನ. ಜೋಶಿಮಠ–ಬದರಿ ನಡುವೆ ಗುಡ್ಡ ಕುಸಿದರೆ ಅರ್ಧ ದಿನ ಹೋಗೋದು ಮಾಮೂಲು.
9: ಹೃಷಿಕೇಶ.

ಆಕ್ಸಿಜನ್ ಕ್ಯಾನ್ ಬಗ್ಗೆ ಲೆಕ್ಕ ನೀವೇ ಹಾಕಿ. ಒಳಗಿರೋದು ಸುಮಾರು 10 ಲೀಟರ್, ನಿಮಿಷಕ್ಕೆ 2 ಲೀಟರ್ ಬಿಟ್ಟರೂ 5 ನಿಮಿಷ. ವಿಮಾನದಲ್ಲೂ ಬಿಡೋಲ್ಲ. ಗೈಡ್ ತಂಡದ ಹತ್ತಿರ ಮಾಸ್ಕ್, ರೆಗ್ಯುಲೇಟರ್ ಸಮೇತ ನಿಜವಾದ ಸಿಲಿಂಡರ್ ಇದೆಯಾ ಅಂತ ಕೇಳಿ, ಗೇಜ್ ತೋರಿಸೋಕೆ ಹೇಳಿ.

ತಲೆನೋವಿನ ಜೊತೆ ವಾಕರಿಕೆ ಬಂದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮೆದುಳಿಗೆ ನೀರು ಸೇರುತ್ತಿದೆ ಅಂತ ಅರ್ಥ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ. ಎರಡಕ್ಕೂ ರಾತ್ರಿಯಾದರೂ ಸರಿ, ಇಳಿಸಲೇಬೇಕು.

ನೀರಹಾದಿ:
ಮೇಲಿನವರ ಲೆಕ್ಕ ಸರಿ. ನಡಿಗೆಯ ಬಗ್ಗೆ ನಾಲ್ಕು ಮಾತು ಸೇರಿಸ್ತೀನಿ.

ಚಕ್ರತೀರ್ಥ ದಾಟಿ ಕಡಿದಾದ ದಿಣ್ಣೆ ಹತ್ತಿದ ಮೇಲೆ ಮಣ್ಣಿನ ದಾರಿ ಅಂತ ಇರೋಲ್ಲ, ಬರೀ ಬಂಡೆ. ಹಿಮನದಿ ತಳ್ಳಿ ತಂದು ಹಾಕಿದ ರಾಶಿ. ಕೆಳಗೆ ಕೆಲವು ಕಡೆ ಇನ್ನೂ ಮಂಜುಗಡ್ಡೆ ಇದೆ, ಅದು ಕರಗುತ್ತಾ ಕಲ್ಲು ಜಾರುತ್ತೆ. ಕಲ್ಲಿನ ಮೈ ನೋಡಿ ಕಾಲಿಡಿ. ಕಪ್ಪು, ಹಳದಿ, ಹಸಿರು ಕಲ್ಲುಹೂವು ಅಂಟಿದ್ದರೆ ಆ ಕಲ್ಲು ವರ್ಷಗಳಿಂದ ಅಲ್ಲಾಡಿಲ್ಲ. ಈಗ ತಾನೇ ಒಡೆದಂತೆ ಬೂದುಬಣ್ಣ, ಮೇಲೆ ಒದ್ದೆ ಧೂಳು, ಸಂದಿಯಲ್ಲಿ ಕೆಸರು ಕಂಡರೆ ಅಡಿಯಲ್ಲಿ ಮಂಜುಗಡ್ಡೆ ಇದೆ, ಸುತ್ತಿ ಹೋಗಿ. ಕಲ್ಲಿನ ಅಂಚಿಗಲ್ಲ, ನಡುವಿಗೆ ಪಾದ ಇಡಬೇಕು. ಒಬ್ಬರ ಕೆಳಗೆ ಇನ್ನೊಬ್ಬರು ನೇರ ನಿಲ್ಲಬಾರದು.

ದಾರಿಯ ಗುರುತು ಅಂದ್ರೆ ಒಂದರ ಮೇಲೊಂದು ಇಟ್ಟ ಕಲ್ಲುಗಳು, ಅಷ್ಟೇ. ಮಂಜು ಕವಿದರೆ ಹತ್ತು ಮಾರು ದೂರದ್ದೂ ಕಾಣೋಲ್ಲ. ಅದಕ್ಕೇ ಚಕ್ರತೀರ್ಥದಿಂದ ಬೆಳಗ್ಗೆ 5ಕ್ಕೆ ಬಿಡಿ. 11 ಗಂಟೆ ಅಂತ ಮೊದಲೇ ಗೆರೆ ಹಾಕ್ಕೊಳ್ಳಿ, ಸರೋವರ ಸಿಗಲಿ ಬಿಡಲಿ ಆಮೇಲೆ ತಿರುಗೋದೇ. ತೊರೆಗಳದ್ದೂ ಇದೇ ಕಥೆ. ಬೆಳಗ್ಗೆ ಮೊಣಕಾಲಿಗಿಂತ ಕೆಳಗಿರೋ ನೀರು ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನಕ್ಕೆ ಉಕ್ಕುತ್ತೆ. ದಾಟುವಾಗ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಿ.

ವಸುಧಾರೆಯಲ್ಲಿ ಪಾಪಿಗಳ ಮೇಲೆ ಹನಿ ಬೀಳೋಲ್ಲ ಅನ್ನೋ ನಂಬಿಕೆ ಇದೆ. ನೂರು ಮೀಟರಿಗೂ ಎತ್ತರದಿಂದ ಬೀಳೋ ತೆಳು ನೀರನ್ನು ಗಾಳಿ ಅತ್ತಿತ್ತ ಒಯ್ಯುತ್ತೆ. ಪುಣ್ಯ ಪರೀಕ್ಷೆಗೆ ಅಂತ ಬುಡಕ್ಕೆ ಹೋಗಿ ನಿಲ್ಲಬೇಡಿ, ನೀರಿನ ಜೊತೆ ಕಲ್ಲೂ ಬರುತ್ತೆ. ಒದ್ದೆಯಾದ ಹತ್ತಿ ಬಟ್ಟೆಗೆ ಗಾಳಿ ಸೇರಿದರೆ ಮೈ ಬಿಸಿ ಇಳಿಯೋಕೆ ಅರ್ಧ ಗಂಟೆ ಸಾಕು. 2024ರ ಜೂನ್‌ನಲ್ಲಿ ಸಹಸ್ರತಾಲ್ ದಾರಿಯಲ್ಲಿ ನಮ್ಮ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡಿದ್ದು ಹಿಮಗಾಳಿಗೆ ಸಿಕ್ಕಿ, ಚಳಿಯಿಂದ. ಜೀನ್ಸ್ ಬೇಡ. ಒಂದು ಜೊತೆ ಒಣ ಉಣ್ಣೆ ಒಳಉಡುಪು, ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಳದಲ್ಲಿಡಿ, ರಾತ್ರಿಗೆ ಮಾತ್ರ. ನಡುಕದ ಜೊತೆ ಮಾತು ತೊದಲಿದರೆ, ಅಂಗಿಯ ಗುಂಡಿ ಹಾಕಲಾಗದಿದ್ದರೆ ತಕ್ಷಣ ಒದ್ದೆ ಬಟ್ಟೆ ತೆಗೆದು ಸ್ಲೀಪಿಂಗ್ ಬ್ಯಾಗಿಗೆ ಹಾಕಿ. ಬ್ರಾಂದಿ ಕೊಡೋರು ಇರ್ತಾರೆ. ಕೊಡಬೇಡಿ, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಉಳಿದ ಬಿಸಿಯನ್ನೂ ಹೊರಗೆ ಬಿಡುತ್ತೆ.

ಸರೋವರಕ್ಕೆ ಇಳಿಯಬೇಡಿ, ಸೋಪಂತೂ ಬೇಡವೇ ಬೇಡ. ಮೂರು ಮೂಲೆಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಊರವರು ಪೂಜಿಸುವ ನೀರು.

ಹುರಿಹಿಟ್ಟು:
ಅನ್ನ-ಸಾರು ಅಂದ್ರಲ್ಲ, ಚಕ್ರತೀರ್ಥದಲ್ಲಿ ನೀರು ಕುದಿಯೋದೇ 86 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಒಳಗೆ ಗಟ್ಟಿಯಾಗೇ ಉಳಿಯುತ್ತೆ, ತೊಗರಿಬೇಳೆ ಗ್ಯಾಸ್ ಮುಗಿದರೂ ಬೇಯೋಲ್ಲ. ಒಂದೋ ಮೂರು ಲೀಟರಿನ ಕುಕ್ಕರ್ ಹೊರಿ, ಇಲ್ಲಾ ಬೇಯಿಸೋದೇ ಬೇಡದ್ದು ಒಯ್ಯಿರಿ. ರಾಗಿ ಹುರಿಹಿಟ್ಟಿಗೆ ಬಿಸಿನೀರು, ಬೆಲ್ಲ ಸಾಕು. ತೆಳು ಅವಲಕ್ಕಿಗೆ ಚಟ್ನಿಪುಡಿ, ಒಗ್ಗರಣೆ ಮನೆಯಲ್ಲೇ ಹಾಕಿ ತನ್ನಿ. ಸಂಜೆಗೆ ಹುರಿದ ಶ್ಯಾವಿಗೆ. ನಡೆಯುವಾಗ ಕಡಲೆಬೀಜದ ಚಿಕ್ಕಿ, ತಲೆಗೆ ದಿನಕ್ಕೆ 150 ಗ್ರಾಂ. ಎತ್ತರದಲ್ಲಿ ಹಸಿವು ಸತ್ತಿರುತ್ತೆ, ಖಾರ-ಹುಳಿ ಇದ್ದರೆ ಮಾತ್ರ ಒಳಗೆ ಇಳಿಯುತ್ತೆ. ಉಪ್ಪಿನಕಾಯಿ ಮರೀಬೇಡಿ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡೋಲ್ಲ, ಹೃಷಿಕೇಶದಲ್ಲೇ ತಗೊಳ್ಳಿ. ಡಬ್ಬಿ ಮೇಲೆ ಬರೆದಿರೋದನ್ನ ಓದಿ. ಬರೀ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಆವಿಯಾಗೋದು ನಿಲ್ಲಿಸುತ್ತೆ. ಬೆಳಗ್ಗೆ 4ಕ್ಕೆ ಚಹಾ ಇಡೋಕೆ ಹೋದರೆ ಡಬ್ಬಿ ತುಂಬಿದ್ದರೂ ಉರಿ ಇಲ್ಲ. ಐಸೋಬ್ಯೂಟೇನ್-ಪ್ರೊಪೇನ್ ಮಿಶ್ರಣ ಬೇಕು. ಆರು ಜನಕ್ಕೆ 450 ಗ್ರಾಮಿನ ಮೂರು. ರಾತ್ರಿ ಒಂದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಕೊಂಡು ಮಲಗಿ, ಪವರ್ ಬ್ಯಾಂಕ್ ಜೊತೆಗೆ.

ಹಿಮನದಿ ನೀರು ಹಾಲುಗಂಜಿ ಥರ ಇರುತ್ತೆ, ಅದು ಅರೆದ ಕಲ್ಲಿನ ಪುಡಿ. ನೇರ ಫಿಲ್ಟರಿಗೆ ಹಾಕಿದರೆ ಕಟ್ಟಿಕೊಳ್ಳುತ್ತೆ. ಪಾತ್ರೆಯಲ್ಲಿ ರಾತ್ರಿಯಿಡೀ ತಂಗಿಸಿ, ಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಮೂರು ನಿಮಿಷ ಕುದಿಸಿ.

ಚಾರ್ಮಾಡಿ_ಗಾಳಿ:
ಪ್ಲಾನ್ ಬದಲಿಸ್ತಿದೀವಿ. ಎರಡೇ ಅನುಮಾನ. ರಜೆ ಎಂಟೇ ದಿನ, ಯಾವುದನ್ನ ಕತ್ತರಿಸಲಿ? ಮತ್ತೆ ಡಯಾಮಾಕ್ಸ್ (ಎತ್ತರದ ಕಾಯಿಲೆ ತಡೆಯೋ ಗುಳಿಗೆ) ತಗೋಬೇಕಾ? ಒಬ್ಬರಿಗೆ ಸಲ್ಫಾ ಔಷಧಗಳ ಅಲರ್ಜಿ ಇದೆ.

ಕಲ್ಲುದಾರಿ:
ವಸುಧಾರಾ ಮುಟ್ಟಬೇಡಿ. ಆರನೇ ದಿನ ಸರೋವರದಿಂದ ಚಕ್ರತೀರ್ಥದಲ್ಲಿ ನಿಲ್ಲದೆ ಲಕ್ಷ್ಮೀವನಕ್ಕೇ ಇಳಿದುಬಿಡಿ. ಹನ್ನೆರಡು ತಾಸಿನ ದಿನ ಆಗುತ್ತೆ, ಆದರೆ ಇಳಿಯುವ ಕಡೆಗೆ. ಏಳಕ್ಕೆ ಮಧ್ಯಾಹ್ನದೊಳಗೆ ಮಾಣಾ, ಸಂಜೆ ಜೋಶಿಮಠ, ಎಂಟಕ್ಕೆ ಹೃಷಿಕೇಶ. ಕುಸಿತಕ್ಕಿಟ್ಟ ದಿನ ಹೋಯ್ತು, ಹಾಗಾಗಿ ವಾಪಸ್ ಟಿಕೆಟ್ ದಿನಾಂಕ ಬದಲಿಸಬಹುದಾದದ್ದೇ ಇರಲಿ.

ಡಯಾಮಾಕ್ಸ್ ವಾಡಿಕೆ 125 ಮಿ.ಗ್ರಾಂ, ದಿನಕ್ಕೆರಡು, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತೆ, ರಾತ್ರಿ ಎರಡು ಸಲ ಟೆಂಟಿನಿಂದ ಏಳಬೇಕಾಗುತ್ತೆ, ಅದು ಸಹಜ. ಆದರೂ ವೈದ್ಯರನ್ನು ಕೇಳದೆ ಯಾರೂ ಶುರು ಮಾಡಬೇಡಿ, ಮೊದಲ ಗುಳಿಗೆ ಮನೆಯಲ್ಲೇ ನುಂಗಿ ನೋಡಿ. ಸಲ್ಫಾ ಅಲರ್ಜಿ ಇರೋರು ಅದನ್ನ ಬಾಯಿಬಿಟ್ಟು ಹೇಳಲೇಬೇಕು. ಅವರಿಗೆ ಗುಳಿಗೆ ಬೇಡ ಅಂದರೆ ಲಕ್ಷ್ಮೀವನದಲ್ಲಿ ಎರಡು ರಾತ್ರಿ ಬೇಕು. ಎಂಟು ದಿನದಲ್ಲಿ ಅದು ಕೂರೋಲ್ಲ. ಹಾಗಾದರೆ ಅವರು ಒಬ್ಬ ಪೋರ್ಟರ್ ಜೊತೆ ಸಹಸ್ರಧಾರಾ ನೋಡಿಕೊಂಡು ಲಕ್ಷ್ಮೀವನಕ್ಕೇ ವಾಪಸ್ ಬರಲಿ. ಎರಡನೇ ಟೆಂಟ್, ಒಂದು ಸ್ಟವ್ ಅಲ್ಲೇ ಬಿಡಬೇಕಾಗುತ್ತೆ, ಗೈಡ್‌ಗೆ ಈಗಲೇ ಹೇಳಿ.