ಸಹಾಯ ಬೇಕು: ವಕೀಲರ ಆಫೀಸಿನಲ್ಲಿ ಕಕ್ಷಿದಾರರ ದಾಖಲೆ ಜೋಪಾನ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದು ಸಣ್ಣ ಆಫೀಸು. ಸೀನಿಯರ್, ನಾನು, ಒಬ್ಬರು ಗುಮಾಸ್ತರು, ಅಷ್ಟೇ. ಜಮೀನು ಮತ್ತು ವಿಚ್ಛೇದನದ ಕೇಸುಗಳೇ ಜಾಸ್ತಿ. ಕಕ್ಷಿದಾರರು ಆಧಾರ್, ಪಾಸ್‌ಬುಕ್, ಮೆಡಿಕಲ್ ರಿಪೋರ್ಟ್ ಎಲ್ಲವನ್ನೂ ವಾಟ್ಸಾಪಿಗೆ ಹಾಕಿಬಿಡುತ್ತಾರೆ. ಅವು ಮೂವರ ಫೋನಿನಲ್ಲೂ ಮನೆಯವರ ಫೋಟೋಗಳ ಜೊತೆಗೇ ಇರುತ್ತವೆ. ಮಕ್ಕಳು ಆಟಕ್ಕೆ ತೆಗೆದುಕೊಳ್ಳುವುದೂ ಅದೇ ಫೋನು, ಅಲ್ವಾ?

ಕಕ್ಷಿದಾರರ ಗುಟ್ಟು ಕಾಪಾಡುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಪ್ರಕಾರ ಗುಮಾಸ್ತರಿಗೂ ಇದೆ. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಕಾನೂನಿನ ಹಕ್ಕು ಸಾಧಿಸಲು ಬೇಕಾದ ಮಾಹಿತಿಗೆ ಒಪ್ಪಿಗೆ ಪಡೆಯುವಂಥ ಹೊಣೆಗಳಿಂದ ಈ ಕಾಯ್ದೆಯ 17ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಭದ್ರತೆಯ ಹೊಣೆಗೆ ಇಲ್ಲ. ಅದಕ್ಕೇ ಒಪ್ಪಿಗೆ ಪತ್ರದ ನಮೂನೆ ಕೇಳುತ್ತಿಲ್ಲ, ಭದ್ರತೆಯದ್ದೇ ಚಿಂತೆ.

ಸಣ್ಣ ಆಫೀಸಿನವರು ಹೇಗೆ ಮಾಡುತ್ತೀರಿ? ಕೇಸಿಗೊಂದು ಪಾಸ್‌ವರ್ಡ್ ಹಾಕಿದ ಫೋಲ್ಡರ್ ಸಾಕೇ? ಪೂರ್ತಿ ನಂಬರ್ ಬೇಡದ ಕಡೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳುತ್ತೀರಾ? ಮುಗಿದ ಕೇಸಿನ ಸ್ಕ್ಯಾನ್ ಪ್ರತಿಗಳನ್ನು ಎಷ್ಟು ಕಾಲ ಇಡುತ್ತೀರಿ? ಮೇಲ್ಮನವಿ ಬಂದರೆ ಬೇಕಾಗುತ್ತೆ ಅಂತ ನಮ್ಮ ಸೀನಿಯರ್ ಏನನ್ನೂ ಅಳಿಸಲು ಬಿಡುವುದಿಲ್ಲ. ದುಬಾರಿ ಸಾಫ್ಟ್‌ವೇರ್ ಬೇಡ, ದಯವಿಟ್ಟು ಅನುಭವದಿಂದ ಹೇಳಿ.