ಯಕೃತ್ತಿನ ಲೈಪೇಸ್ ಅನ್ನು ‘ಕೊಬ್ಬು ಜೀರ್ಣಿಸುವ ಕಿಣ್ವ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಯಕೃತ್ತಿನ ಕ್ಯಾನ್ಸರ್ ಗಡ್ಡೆಯಲ್ಲಿ ಮತ್ತು ಗಡ್ಡೆಯಿಲ್ಲದ ಭಾಗದಲ್ಲಿ ಲೈಪೇಸ್ ಎಷ್ಟೆಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂದು ಹೋಲಿಸುವ ಬರಹವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ತಡೆದಿದೆ. ತಿಳಿದವರು ದಯವಿಟ್ಟು ಹೇಳಿ.

ಲೈಪೇಸ್ ಅಂದರೆ ‘ಕೊಬ್ಬನ್ನು ಜೀರ್ಣಿಸುವ ಕಿಣ್ವ’ ಎಂದೇ ಶಾಲೆಯಿಂದ ನಮಗೆಲ್ಲ ರೂಢಿ. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಇಳಿಯುವ ಲೈಪೇಸಿಗೆ ಆ ಮಾತು ಸರಿ. ಯಕೃತ್ತಿನಲ್ಲಿ ಹಾಗಲ್ಲ. ಅಲ್ಲಿರುವ ಲೈಪೇಸ್‌ಗಳೇ ಹಲವು ಬಗೆ. ಒಂದು ಯಕೃತ್ತಿನ ಕೋಶಗಳಲ್ಲಿ ತಯಾರಾಗಿ, ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು, ರಕ್ತದಲ್ಲಿ ಕೊಬ್ಬನ್ನು ಹೊತ್ತು ಸಾಗಿ ಬರುವ ಲಿಪೋಪ್ರೋಟೀನ್ ಕಣಗಳಲ್ಲಿನ ಟ್ರೈಗ್ಲಿಸರೈಡ್, ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಬಗೆಗಳನ್ನು ಒಡೆಯುತ್ತದೆ. ಇನ್ನೊಂದರ ಜಾಗ, ಕೋಶದೊಳಗೆ ಬೇಡದ್ದನ್ನು ಒಡೆದುಹಾಕುವ ಪುಟ್ಟ ಚೀಲವಾದ ಲೈಸೋಸೋಮಿನ ಒಳಗಿನ ಹುಳಿ ವಾತಾವರಣ, ಪಿಎಚ್ 5ರ ಆಸುಪಾಸು. ಮತ್ತೊಂದು, ಕೋಶದಲ್ಲೇ ಕೂಡಿಟ್ಟ ಕೊಬ್ಬಿನ ಹನಿಗಳಿಗೆ ಕೈಹಾಕುತ್ತದೆ. ಹೀಗೆ ಬಿಡುಗಡೆಯಾದ ಕೊಬ್ಬಿನಾಮ್ಲ ಕ್ಯಾನ್ಸರ್ ಕೋಶಕ್ಕೆ ಶಕ್ತಿಯೂ ಆಗಬಹುದು, ಹೊಸ ಪೊರೆ ಕಟ್ಟುವ ಸಾಮಗ್ರಿಯೂ ಆಗಬಹುದು. ಹೋಲಿಕೆಗೆ ಅರ್ಥ ಬರುವುದೇ ಈ ಕಾರಣಕ್ಕೆ.

ಇಲ್ಲಿ ‘ಜೀರ್ಣಿಸುವ’ ಎಂದು ಬರೆದರೆ ಓದುಗರ ಮನಸ್ಸು ನೇರವಾಗಿ ಊಟಕ್ಕೆ, ಅಲ್ಲಿಂದ ಪಿತ್ತರಸಕ್ಕೆ ಹೋಗುತ್ತದೆ. ಪಿತ್ತರಸದಲ್ಲಿ ಕೊಬ್ಬು ಜೀರ್ಣಿಸುವ ಕಿಣ್ವವೇ ಇಲ್ಲ. ಅದರ ಲವಣಗಳು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಚದುರಿಸಿಕೊಡುತ್ತವೆ, ಅಷ್ಟೇ. ‘ಕೊಬ್ಬು ಕರಗಿಸುವ’ ಎನ್ನೋಣವೆಂದರೆ ಅದು ತೂಕ ಇಳಿಸುವ ಜಾಹೀರಾತಿನವರ ಪಾಲಾಗಿದೆ. ‘ಜಲವಿಭಜಕ’ (ನೀರು ಸೇರಿಸಿ ಒಡೆಯುವಂಥದ್ದು) ಕರಾರುವಾಕ್ಕು, ಆದರೆ ಸಾಮಾನ್ಯ ಓದುಗರಿಗೆ ಭಾರ. ನನಗೆ ಒಪ್ಪಿಗೆಯಾಗಿರುವುದು ‘ಕೊಬ್ಬು ಒಡೆಯುವ ಕಿಣ್ವ’. ಇದಕ್ಕಿಂತ ಚೆನ್ನಾದದ್ದು ಬಳಕೆಯಲ್ಲಿದೆಯೇ?

ಇನ್ನು ಕಿಣ್ವದ ಕೆಲಸದ ವೇಗಕ್ಕೆ ‘ಕ್ರಿಯಾಶೀಲತೆ’ ಎಂಬ ಬಳಕೆ ಇದೆ. ಈಗೀಗ ಆ ಪದ ಸೃಜನಶೀಲತೆಯ ಅರ್ಥಕ್ಕೆ ವಾಲಿರುವುದರಿಂದ ‘ಚಟುವಟಿಕೆ’ ಎಂದು ಬರೆದಿದ್ದೇನೆ. ಅಂಗಾಂಶವನ್ನು ತಣ್ಣನೆಯ ದ್ರಾವಣದಲ್ಲಿ ಅರೆದು, ಅದಕ್ಕೆ ಕೊಬ್ಬು ಕೊಟ್ಟು, ನಿಮಿಷಕ್ಕೆ ಎಷ್ಟು ಮೈಕ್ರೋಮೋಲ್ ಕೊಬ್ಬಿನಾಮ್ಲ ಹೊರಬಂತು ಎಂದು ಅಳೆದು, ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಕಿಣ್ವದ ಪ್ರಮಾಣ ಅಷ್ಟೇ ಇದ್ದು ಚಟುವಟಿಕೆ ಮಾತ್ರ ತಗ್ಗಿರಲೂಬಹುದು. ಹಾಗಾಗಿ ‘ಗಡ್ಡೆಯಲ್ಲಿ ಲೈಪೇಸ್ ಕಡಿಮೆಯಾಗಿದೆ’ ಎನ್ನುವ ವಾಕ್ಯವನ್ನು ನಾನಂತೂ ಒಪ್ಪಲಾರೆ.

ಕೊನೆಯದು ‘ಆರೋಗ್ಯಕರ ಅಂಗಾಂಶ’. ಆರೋಗ್ಯಕರ ಅಂದರೆ ಆರೋಗ್ಯವನ್ನು ಉಂಟುಮಾಡುವಂಥದ್ದು. ಆಹಾರಕ್ಕೆ, ಅಭ್ಯಾಸಕ್ಕೆ ಹೊಂದುತ್ತದೆ, ಅಂಗಾಂಶಕ್ಕೆ ಹೊಂದದು. ‘ಆರೋಗ್ಯವಂತ’ ಎಂದರೂ ತೊಡಕು ತೀರುವುದಿಲ್ಲ. ಹೋಲಿಕೆಗೆ ಬಹಳ ಸಲ ತೆಗೆದುಕೊಳ್ಳುವುದು ಅದೇ ರೋಗಿಯ ಯಕೃತ್ತಿನಲ್ಲಿ ಗಡ್ಡೆಯ ಪಕ್ಕದ ಭಾಗವನ್ನು. ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೇ ಸಿರೋಸಿಸ್ ಆದ, ಅಂದರೆ ಗಾಯದ ಕಲೆಗಟ್ಟಿ ಗಡುಸಾದ ಯಕೃತ್ತಿನಲ್ಲಿ. ಆ ಪಕ್ಕದ ಭಾಗಕ್ಕೆ ಕ್ಯಾನ್ಸರ್ ಇಲ್ಲದಿರಬಹುದು, ಆರೋಗ್ಯವೂ ಇಲ್ಲದಿರಬಹುದು. ‘ಗಡ್ಡೆಯ ಪಕ್ಕದ ಕ್ಯಾನ್ಸರ್‌ರಹಿತ ಅಂಗಾಂಶ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಪ್ರತಿ ಸಾಲಿನಲ್ಲೂ ಇಷ್ಟುದ್ದ ಬರೆಯುವುದು ಕಷ್ಟ. ರೋಗಶಾಸ್ತ್ರದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನನ್ನುತ್ತೀರಿ?